ಒಂದು ಪರದೆ, ಮೂರು ಮೇಜು

ಮನೆಮಂದಿಗೆಲ್ಲ ಸೇರಿ ಒಂದೇ ಕಂಪ್ಯೂಟರ್ ಇದ್ದರೆ ಅದರ ಪರದೆ ಸಂತೆಯಂತಾಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ. ನನ್ನ ಬೆಳಕಿನ ಪಾಠದ ಚಿತ್ರಗಳು, ತರಗತಿಯ ಅಂಕಪಟ್ಟಿ, ಪಿಯುಸಿ ಓದುವ ಮಗಳ ರಸಾಯನಶಾಸ್ತ್ರದ ಟಿಪ್ಪಣಿ, ನನ್ನಾಕೆಯ ಕರೆಂಟ್ ಬಿಲ್ಲು, ಎಲ್ಲವೂ ತೆರೆದೇ ಇರುತ್ತವೆ. ಆಲ್ಟ್ ಕೀ ಹಿಡಿದು ಟ್ಯಾಬ್ ಒತ್ತಿದರೆ ಹದಿನೈದು ಕಿಟಕಿಗಳು ಎದುರು ನಿಲ್ಲುತ್ತವೆ. ಬೇಕಾದ್ದು ಸಿಗುವಷ್ಟರಲ್ಲಿ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಪರೀಕ್ಷೆ ಹತ್ತಿರವಿದ್ದಾಗ ಇದು ಸಣ್ಣ ನಷ್ಟವಲ್ಲ.

ತಾಪತ್ರಯ ಹಳೆಯದು. ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲೇ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅವರ ವ್ಯವಸ್ಥೆಯ ಹೆಸರು ‘ರೂಮ್ಸ್’, ಅಂದರೆ ಕೋಣೆಗಳು. ಒಂದು ಕೆಲಸಕ್ಕೆ ಕೆಲವೇ ಕಿಟಕಿಗಳು ಮತ್ತೆ ಮತ್ತೆ ಬೇಕಾಗುತ್ತವೆ. ಅವನ್ನು ಒಂದೇ ಕೋಣೆಯಲ್ಲಿಡಿ ಎಂಬುದು ಅವರ ಆಲೋಚನೆ. ಅಡಿಗೆಮನೆಯ ಸೌಟನ್ನು ಯಾರೂ ದೇವರಮನೆಯಲ್ಲಿ ಇಡುವುದಿಲ್ಲವಲ್ಲ!

2015ರಲ್ಲಿ ಬಂದ ವಿಂಡೋಸ್ 10ರಿಂದ ಈ ಸೌಲಭ್ಯ ಅದರೊಳಗೇ ಇದೆ. ವಿಂಡೋಸ್, ಕಂಟ್ರೋಲ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸ ಮೇಜು ಸಿದ್ಧ. ಡಿ ಬದಲು ಎಡ ಅಥವಾ ಬಲ ಬಾಣ ಒತ್ತಿದರೆ ಪಕ್ಕದ ಮೇಜಿಗೆ ಹೋಗಬಹುದು. ವಿಂಡೋಸ್ ಜೊತೆ ಟ್ಯಾಬ್ ಒತ್ತಿದರೆ ಎಲ್ಲ ಮೇಜುಗಳೂ ಕಾಣುತ್ತವೆ. ಕಿಟಕಿಯನ್ನು ಅಲ್ಲಿಂದಲೇ ಬೇರೆ ಮೇಜಿಗೆ ಎಳೆದು ಹಾಕಬಹುದು. ಮುಖ್ಯವಾದುದು ಇನ್ನೊಂದಿದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಮಲ್ಟಿಟಾಸ್ಕಿಂಗ್ ಎಂಬ ಪುಟವಿದೆ. ಆಲ್ಟ್-ಟ್ಯಾಬ್ ಈಗಿರುವ ಮೇಜಿನ ಕಿಟಕಿಗಳನ್ನು ಮಾತ್ರ ತೋರಿಸಬೇಕೆಂದು ಅಲ್ಲಿ ಆರಿಸಿಕೊಳ್ಳಿ. ಕಡೆಯದಾಗಿ ಬಳಸಿದ ಕಿಟಕಿಯೇ ಸಾಲಿನಲ್ಲಿ ಮೊದಲು ಬರುವುದರಿಂದ, ಟಿಪ್ಪಣಿ ಮತ್ತು ಪ್ರಶ್ನೆಪತ್ರಿಕೆಯ ನಡುವೆ ಒಂದೇ ಒತ್ತಿಗೆ ಓಡಾಡಬಹುದು.

ಆದರೆ ಮೇಜುಗಳ ಕ್ರಮವನ್ನು ಬದಲಿಸಬೇಡಿ. ನಮ್ಮಲ್ಲಿ ಎಡಕ್ಕೆ ಮಗಳ ಓದು, ನಡುವೆ ನನ್ನ ಪಾಠ, ಬಲಕ್ಕೆ ಮನೆವಾರ್ತೆ. ಮೂರಕ್ಕಿಂತ ಹೆಚ್ಚಾದರೆ ಮೇಜನ್ನೇ ಹುಡುಕಬೇಕಾಗುತ್ತದೆ.

ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಒಂದು ದಿನ ಶಾಲೆಗೇ ಬಂದರು. “ಸಾರ್, ನಾನು ಕೋಣೆಗೆ ಕಾಲಿಟ್ಟ ಕೂಡಲೇ ಇವನ ಆಟ ಮಾಯವಾಗಿ ವಿಜ್ಞಾನ ಬರುತ್ತೆ. ಕಂಪ್ಯೂಟರನ್ನೇ ಮಾರಿಬಿಡ್ತೀನಿ” ಎಂದರು. ಪಕ್ಕದಲ್ಲಿ ನಿಂತ ಹುಡುಗನ ಮುಖ ಬಾಡಿತ್ತು. ಅವನ ಪಾಠಗಳೂ ಅದರಲ್ಲೇ ಇದ್ದವು. ವಿಂಡೋಸ್-ಟ್ಯಾಬ್ ಗುಟ್ಟನ್ನು ತಂದೆಗೆ ಹೇಳಿಕೊಟ್ಟೆ. ಹುಡುಗನಿಗೆ, “ಮೇಜು ಬದಲಿಸಿದರೆ ಆಟ ಮುಚ್ಚಿದಂತಲ್ಲ ಕಣೋ. ಅದು ಹಿಂದೆ ನಡೀತಾ ಮೆಮೊರಿ ತಿನ್ನುತ್ತೆ. ನಿನ್ನ ಕಂಪ್ಯೂಟರ್ ನಿಧಾನ ಆಗೋದಕ್ಕೆ ಅದೂ ಒಂದು ಕಾರಣ” ಎಂದೆ. ಅವನು ಅಪ್ಪನ ಮುಖ ನೋಡಿ ತಲೆ ತಗ್ಗಿಸಿದ. ಓದುವಾಗ ಆಟವನ್ನು ಪೂರ್ತಿ ಮುಚ್ಚುವುದು, ಆಡುವಾಗ ಬಚ್ಚಿಡದಿರುವುದು ಎಂದು ಅವರಿಬ್ಬರೂ ಅಲ್ಲೇ ಒಪ್ಪಿಕೊಂಡರು.

ಅವರು ಕಂಪ್ಯೂಟರ್ ಮಾರಲಿಲ್ಲ. ಹುಡುಗ ಆಟದ ಮೇಜಿಗೆ ‘ಭಾನುವಾರ’ ಎಂದು ಹೆಸರಿಟ್ಟಿದ್ದಾನಂತೆ. ವಾರಕ್ಕೆ ಎಷ್ಟು ಭಾನುವಾರ ಬರುತ್ತದೆಂದು ನಾನು ಕೇಳಿಲ್ಲ.