ಬೆಂಗಳೂರಿನ ಅಹಮದ್ ಖಾನರು

ನಮ್ಮ ಜವಳಗಿರಿಯ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರುಗಳು ಮಗ್ಗಿಯಂತೆ ಬಾಯಿಪಾಠ. ಆನೇಕಲ್ಲಿನಾಚೆಯ ಬೆಂಗಳೂರಿನಲ್ಲಿಯೇ 1926ರಲ್ಲಿ ಹುಟ್ಟಿ, ಎರಡು ಒಲಿಂಪಿಕ್ ಕೂಟಗಳಲ್ಲಿ ಭಾರತದ ಪರವಾಗಿ ಕಾಲ್ಚೆಂಡಾಡಿದ ಅಹಮದ್ ಖಾನರ ಹೆಸರನ್ನು ಮಾತ್ರ ಅವರು ಅರಿಯರು. ನಾವೂ ಅವರ ಆಟವನ್ನು ಕಣ್ಣಾರೆ ಕಂಡವರಲ್ಲ; ಓದಿ ಬಲ್ಲೆವು. ಗಡಿಯ ಈಚೆಯ ಕನ್ನಡ ಮನೆಗಳಲ್ಲಿ ಆ ಹೆಸರು ಒಮ್ಮೆಯಾದರೂ ಕೇಳಿಬರಲೆಂದು ಈ ನಾಲ್ಕು ಮಾತು.

ತಂದೆಯೂ ಸೋದರರೂ ಆಟಗಾರರಾಗಿದ್ದ ಮನೆತನ ಅವರದು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸನ್ನು ಎದುರಿಸಿದಾಗ ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಮೈಸೂರಿನ ಪರ ಆಡುತ್ತಿದ್ದ ರಾಮನ್ ಒಂದು ಗೋಲು ಹೊಡೆದರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ ಭಾರತ 1–2ರಿಂದ ಸೋತಿತು.

ಮರುವರ್ಷ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ ಸುಮಾರು ಒಂದು ದಶಕ ಅಲ್ಲಿ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಖಾನ್ ಈ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು, ಒಬ್ಬನೂ ಬಂಗಾಳಿಯಲ್ಲ! ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯೊಡನೆ ಬಾಳುವ ನಮ್ಮಂಥ ಗಡಿನಾಡಿಗರಿಗೆ ಈ ಸಂಗತಿ ಏಕೋ ಬಹಳ ಹಿತವೆನಿಸುತ್ತದೆ. 1949ರಿಂದ ಸತತ ಮೂರು ವರ್ಷ ಆ ತಂಡ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಖಾನರಿದ್ದರು.

ಬರಿಗಾಲಿನ ಆಟವನ್ನು ಕೊಂಡಾಡುವ ರೂಢಿಯೊಂದುಂಟು. ನಮಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಒಣನೆಲದ ಮೇಲೆ ಬೆರಳುಗಳು ಚೆಂಡನ್ನು ಮಾತನಾಡಿಸಿದಂತೆ ಆಡಿಸಬಹುದು, ದಿಟ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಬೂಟಿಲ್ಲದೆ ಇಳಿದವರ ಪಾಡೇನಾಯಿತು? ಯುಗೋಸ್ಲಾವಿಯ ಹತ್ತು ಗೋಲು ಹೊಡೆಯಿತು. ಆಮೇಲೆಯೇ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾದದ್ದು.

ನಮ್ಮ ಊರಿನ ಹುಡುಗರು ರಾಗಿ ಕೊಯ್ದ ಹೊಲದಲ್ಲಿ ಚಪ್ಪಲಿಗಳನ್ನು ಗೋಲಿನ ಗುರುತಿಗಿಟ್ಟು ಬರಿಗಾಲಿನಲ್ಲಿಯೇ ಆಡುತ್ತಾರೆ. ಕೂಳೆ ಚುಚ್ಚಿ ಕುಂಟುತ್ತ ಮರುದಿನ ತರಗತಿಗೆ ಬರುತ್ತಾರೆ. ಅದರಲ್ಲಿ ಕಾವ್ಯವೇನೂ ನಮಗೆ ಕಾಣದು. ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತದ್ದು ಕವಾಯತು, ಸಾಲು, ಸೀಟಿ. ಆಟಕ್ಕೆ ಬೇಕಾದ ಕಾಲನ್ನು ಕಾಯುವ ಮಾತೇ ಅಲ್ಲಿರಲಿಲ್ಲ. “ಆಟ ಅನ್ನ ಹಾಕೀತೇ ಮೇಷ್ಟ್ರೇ?” ಎಂದು ಕೇಳುವ ತಂದೆಯರಿಗೆ, ಹಬ್ಬದ ಬಟ್ಟೆಯ ಜೊತೆ ಒಂದು ಜೋಡಿ ಬೂಟನ್ನೂ ತನ್ನಿರೆಂದಷ್ಟೇ ನಾವು ಹೇಳುವುದು.

ಖಾನರು 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಆಗ ಅವರಿಗೆ ತೊಂಬತ್ತು ವರ್ಷ. ಹೆಲ್ಸಿಂಕಿಯ ಕಥೆಯನ್ನು ಐದನೆಯ ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು, ನಮ್ಮವರು ಒಂದೂ ಹೊಡೆಯಲಿಲ್ಲವೇ ಎಂದಳು. ಹೊಡೆದರು, ಒಂದೇ ಒಂದು. ಆಟ ಮುಗಿಯಲು ಇನ್ನೇನು ನಿಮಿಷವಿರುವಾಗ, ಅಹಮದ್ ಖಾನರೇ ಹೊಡೆದರು.