ಕಕ್ಕು ಮತ್ತು ನಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ‘ಕಕ್ಕು’ ಎಂಬ ಮಾತಿಗೆ ಎರಡು ಕಡೆ ಕೆಲಸವಿದೆ. ರಾಗಿ ಬೀಸುವ ಕಲ್ಲು ಸವೆದು ನುಣ್ಣಗಾಗಿ, ಹಿಟ್ಟು ಬೀಳುವ ಬದಲು ನುಚ್ಚು ಉದುರತೊಡಗಿದಾಗ ಅದರ ಮೈಮೇಲೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆಸುವುದು ಕಕ್ಕು ಹೊಡೆಸುವುದು; ರಾಗಿಯನ್ನೇ ಕೊಯ್ಯುವ ಕುಡುಗೋಲಿನ ಒಳಬಾಗಿಗೆ ಕಮ್ಮಾರನು ಚಾಣದಿಂದ ಕೊರೆಯುವ ಹಲ್ಲುಗಳ ಸಾಲೂ ಕಕ್ಕೇ. ಕಲ್ಲಿಗೂ ಕಬ್ಬಿಣಕ್ಕೂ ಒಂದೇ ಮಾತು ಸಾಕಾದದ್ದು ಭಾಷೆಯ ಬಡತನದಿಂದಲ್ಲ. ಎರಡರಲ್ಲಿಯೂ ಕೆಲಸ ಮಾಡುವುದು ಒರಟುತನವೇ ಎಂಬ ತಿಳಿವಳಿಕೆ ಆ ಮಾತಿನೊಳಗೆ ಮೊದಲೇ ಇತ್ತು. ಈ ತಿಳಿವಳಿಕೆ ಹೊಲದಿಂದ ಪೇಟೆಯ ಅಡುಗೆಮನೆಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗಿ, ಅಲಗು ಎಷ್ಟು ನುಣುಪಾಗಿ ಹೊಳೆದರೆ ಅಷ್ಟು ಹರಿತ ಎಂಬ ನಂಬಿಕೆ ಅದರ ಜಾಗದಲ್ಲಿ ಕುಳಿತಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹೊಳೆಯುವ ಚಾಕುವಿಗೂ ಸಲ್ಲುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ಅಲಗನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬೇಕು. ಆ ನೋಟದ ರುಚಿ ಒಮ್ಮೆ ಹತ್ತಿದವರಿಗೆ ಮನೆಯ ಒಂದು ಚಾಕುವೂ ಮೊದಲಿನ ಚಾಕುವಾಗಿ ಉಳಿಯುವುದಿಲ್ಲ.

ಅಲಗು ಎಂದರೆ ಉಕ್ಕಿನ ಎರಡು ಇಳಿಜಾರುಗಳು ಕೂಡುವ ಗೆರೆ. ರೇಖಾಗಣಿತದಲ್ಲಿ ಆ ಗೆರೆಗೆ ದಪ್ಪವಿಲ್ಲ, ಉಕ್ಕಿನಲ್ಲಿ ಇದ್ದೇ ಇದೆ. ಹರಿತವೆಂದರೆ ಆ ದಪ್ಪ ಎಷ್ಟು ಕಡಿಮೆ ಎಂಬ ಲೆಕ್ಕ, ಒರಟು ನಯಗಳೆಂದರೆ ಆ ಗೆರೆ ಉದ್ದಕ್ಕೂ ಎಷ್ಟು ನೇರವಾಗಿ ಸಾಗುತ್ತದೆ ಎಂಬ ಲೆಕ್ಕ. ಇವೆರಡೂ ಬೇರೆ ಬೇರೆ ಗುಣಗಳೆಂಬುದನ್ನು ಮರೆಯುವುದೇ ಅಲಗಿನ ಬಗೆಗಿನ ಬಹುಪಾಲು ತಪ್ಪು ತಿಳಿವಳಿಕೆಗಳ ಮೂಲ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ತನ್ನ ‘ಮೈಕ್ರೊಗ್ರಾಫಿಯ’ ಗ್ರಂಥದ ಮೊದಲ ಅವಲೋಕನವನ್ನು ಸೂಜಿಯ ಮೊನೆಗೂ ಎರಡನೆಯದನ್ನು ಕ್ಷೌರದ ಕತ್ತಿಯ ಅಲಗಿಗೂ ಮೀಸಲಿಟ್ಟನು; ಬರಿಗಣ್ಣಿಗೆ ಎಳೆಯಷ್ಟು ಸಣ್ಣಗೆ ಕಂಡ ಆ ಅಲಗು ಮಸೂರದ ಕೆಳಗೆ ಅಗಲವಾದ ಬೆನ್ನಿನಂತೆಯೂ, ಕಲ್ಲಿಗೆ ಉಜ್ಜಿದ ಅದರ ಪಕ್ಕಗಳು ಏರು ತಗ್ಗುಗಳಿಂದ ಕೂಡಿದ ಉತ್ತ ಹೊಲದಂತೆಯೂ ಅವನಿಗೆ ಕಂಡವು. ಲಂಡನ್ನಿನಲ್ಲಿ ಕುಳಿತವನಿಗೆ ಹೊಳೆದ ಆ ಹೋಲಿಕೆ ಅರಕಲಗೂಡಿನ ಕೆಮ್ಮಣ್ಣಿನ ಹೊಲಗಳ ನಡುವೆ ಬೆಳೆದವರಿಗೆ ವಿವರಣೆಯನ್ನೇ ಬೇಡುವುದಿಲ್ಲ.

ಶಾಲೆಯ ಪ್ರಯೋಗಾಲಯದ ಸಾಮಾನ್ಯ ಸೂಕ್ಷ್ಮದರ್ಶಕ ಈ ಕೆಲಸಕ್ಕೆ ಒದಗದು, ಏಕೆಂದರೆ ಅದರಲ್ಲಿ ಬೆಳಕು ಕೆಳಗಿನಿಂದ ಬರುತ್ತದೆ. ಈರುಳ್ಳಿಯ ಸಿಪ್ಪೆಯ ಮೂಲಕ ಹಾಯುವ ಬೆಳಕು ಉಕ್ಕಿನ ಮೂಲಕ ಹಾಯಲಾರದು. ಮೇಲಿನಿಂದ ಬೆಳಕು ಬೀಳಿಸುವ ಲೋಹಪರೀಕ್ಷೆಯ ಸೂಕ್ಷ್ಮದರ್ಶಕ ಬೇಕು. ಇಲ್ಲವೇ ಇಂದು ಸುಲಭ ಬೆಲೆಗೆ ದೊರೆಯುವ, ಫೋನಿಗೋ ಕಂಪ್ಯೂಟರಿಗೋ ಜೋಡಿಸುವ ಪುಟ್ಟ ಸಾಧನವಾದರೂ ಸಾಕು. ಬೆಳಕು ಬೀಳುವ ಓರೆಯೇ ಇಲ್ಲಿ ಅರ್ಧ ವಿದ್ಯೆ: ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸಪಾಟಾಗಿ ಕಾಣುವ ಹೊಲದ ಸಾಲುಗಳು ಸಂಜೆಯ ಓರೆ ಬಿಸಿಲಿನಲ್ಲಿ ನೆರಳು ಚಾಚಿ ಎದ್ದು ನಿಲ್ಲುವಂತೆ, ಪಕ್ಕದಿಂದ ಬಾಗಿ ಬೀಳುವ ಬೆಳಕಿನಲ್ಲಿ ಮಾತ್ರ ಉಕ್ಕಿನ ಮೇಲಿನ ಗೀರುಗಳಿಗೆ ಆಳ ಬರುತ್ತದೆ.

ಒರಟು ಅಲಗು, ನಯದ ಅಲಗುಗಳ ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡು ಚಾಕುಗಳನ್ನು ಬಳಸಬಾರದು. ಒಂದೇ ಚಾಕುವಿನ ಹಿಡಿಯ ಕಡೆಯ ಅರ್ಧವನ್ನು ಒರಟು ಕಲ್ಲಿನ ಮೇಲೆ ಮಸೆದು ಅಲ್ಲಿಗೇ ಬಿಟ್ಟು, ತುದಿಯ ಕಡೆಯ ಅರ್ಧವನ್ನು ಅದೇ ಓರೆಯಲ್ಲಿ ನುಣುಪು ಕಲ್ಲಿಗೂ ಕೊನೆಗೆ ಹೊಳಪಿನ ಲೇಪ ಬಳಿದ ಚರ್ಮದ ಪಟ್ಟಿಗೂ ತಿಕ್ಕಿದರೆ, ಉಕ್ಕೂ ಹದವೂ ಒಂದೇ ಆಗಿದ್ದು ವ್ಯತ್ಯಾಸವೆಲ್ಲ ಅಲಗಿನದೇ ಎಂಬ ಭರವಸೆ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಬದಿಯ ಕಾರ್ಬೊರಂಡಂ ಕಲ್ಲಿನ ಒರಟು ಮೈಯಲ್ಲಿರುವ ಹರಳುಗಳು ಸುಮಾರು 100 ಮೈಕ್ರಾನಿನವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್. 1000 ನಂಬರಿನ ಕಲ್ಲಿನಲ್ಲಿ ಹರಳು 14 ಮೈಕ್ರಾನಿನ ಆಸುಪಾಸಿಗೆ ಇಳಿಯುತ್ತದೆ, ಚರ್ಮದ ಪಟ್ಟಿಗೆ ಬಳಿಯುವ ಹಸಿರು ಲೇಪದಲ್ಲಿ ಅರ್ಧ ಮೈಕ್ರಾನಿಗೆ. (ಕಾರ್ಬೊರಂಡಂ ಎಂಬುದು 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ವ್ಯಾಪಾರದ ಹೆಸರಾದರೂ ಅದರ ಬಾಲದಲ್ಲಿರುವುದು ನಮ್ಮ ಕಡೆಯ ಕುರುಂದದ ಕಲ್ಲೇ, ಆ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಚಕ್ರ ಕಟ್ಟುವ ಪದ್ಧತಿ ದಕ್ಷಿಣದಲ್ಲಿ ಹಳೆಯದು.)

ನೂರು ಪಟ್ಟು ಹಿಗ್ಗಿಸಿದಾಗ ಒರಟು ಅರ್ಧದಲ್ಲಿ ಕಾಣುವುದು ನಿಜಕ್ಕೂ ಒಂದು ಸೀಮೆಯ ನಕ್ಷೆ. ಓರೆಯಾಗಿ ಸಾಗಿಬರುವ ಉಕ್ಕೆಯ ಸಾಲುಗಳು ಅಲಗಿನ ಗೆರೆಯನ್ನು ಮುಟ್ಟಿದಲ್ಲೆಲ್ಲ ಒಂದೊಂದು ಕಚ್ಚು ಬಿದ್ದು, ಎರಡು ಕಚ್ಚುಗಳ ನಡುವೆ ಉಳಿದ ಉಕ್ಕು ಹಲ್ಲಾಗುತ್ತದೆ. ಕುಡುಗೋಲಿನ ಕಕ್ಕಿನಂತೆ ಅವು ಸಮನಾಗಿರುವುದಿಲ್ಲ, ಗಾಳಿಗೆ ಸೀಳಿದ ಬಾಳೆಲೆಯ ಅಂಚಿನಂತೆ ಒಂದು ಅಗಲ, ಒಂದು ಚೂಪು, ಮತ್ತೊಂದು ಮುರಿದದ್ದು. ಅಲ್ಲಲ್ಲಿ ಅಲಗಿನಾಚೆಗೆ ಬೆಳ್ಳಿಯ ತಗಡಿನಂಥ ತೆಳುವಾದ ಎಳೆಯೊಂದು ಮಡಿಚಿಕೊಂಡು ಜೋತಾಡುತ್ತಿರುತ್ತದೆ. ಕಲ್ಲಿನ ಒತ್ತಡಕ್ಕೆ ಉದುರದೆ ಆಚೆ ಬದಿಗೆ ಬಾಗಿ ನಿಂತ ಉಕ್ಕು ಅದು. ಹೆಬ್ಬೆರಳು ಮೋಸಹೋಗುವುದು ಇಲ್ಲಿಯೇ. ಆ ಎಳೆ ಬೆರಳಿಗೆ ಬಹಳ ಹರಿತವಾಗಿ ತಾಕುತ್ತದೆ, ಮೊದಲ ನಾಲ್ಕು ಬೆಂಡೆಕಾಯಿಯನ್ನು ಚೆನ್ನಾಗಿಯೇ ಕೊಯ್ಯುತ್ತದೆ, ಐದನೆಯದಕ್ಕೆ ಮಡಿಚಿಕೊಂಡು ಅಲಗನ್ನೇ ಮುಚ್ಚಿಬಿಡುತ್ತದೆ. ನಿನ್ನೆ ತಾನೆ ಸಾಣೆ ಹಿಡಿಸಿದ ಚಾಕು ಇಂದೇ ಮೊಂಡಾಯಿತೆಂದು ಮನೆಯವರು ಸಾಣೆಯವನನ್ನು ಬೈಯುವುದಕ್ಕೆ ಹೆಚ್ಚಿನ ಸಲ ಈ ಎಳೆಯೇ ಕಾರಣ. ಕಲ್ಲಿನ ಮೇಲೆ ಕೈ ಹಗುರಾಗಿಸಿ ಬದಿ ಬದಲಿಸುತ್ತ ನಾಲ್ಕಾರು ಸಲ ಎಳೆದರೆ ಅದು ಕಳಚುತ್ತದೆ, ಕಳಚಿತೋ ಇಲ್ಲವೋ ಎಂಬುದನ್ನು ಮಾತ್ರ ಮಸೂರವೇ ಹೇಳಬೇಕು. ಸೂಕ್ಷ್ಮದರ್ಶಕದಿಂದ ಆಗುವ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ನಯಗೊಳಿಸಿದ ಅರ್ಧ, ಹೇಳಬೇಕೆಂದರೆ, ನೋಡಲು ಸಪ್ಪೆ. ಕುಂಟೆ ಹೊಡೆದು ಹಲುಬೆ ಆಡಿಸಿದ ಹೊಲದಲ್ಲಿ ಉಕ್ಕೆಯ ಸಾಲು ಅಳಿಯುವಂತೆ ಇಲ್ಲಿ ಗೀರುಗಳು ಅಳಿದು ಇಳಿಜಾರು ಕನ್ನಡಿಯಾಗಿರುತ್ತದೆ. ಬೆಳಕು ಒಂದೋ ಪೂರ್ತಿ ಕಣ್ಣಿಗೆ ಹೊಡೆಯುತ್ತದೆ ಅಥವಾ ಪೂರ್ತಿ ಬೇರೆಡೆಗೆ ಹಾರಿಹೋಗಿ ಕಪ್ಪು ಮಾತ್ರ ಉಳಿಯುತ್ತದೆ. ಚೆನ್ನಾಗಿ ನಯಗೊಂಡ ಅಲಗಿನ ದಪ್ಪ ಅರ್ಧ ಮೈಕ್ರಾನಿಗೂ ಕಡಿಮೆಯಾಗಬಲ್ಲದು, ಬೆಳಕಿನ ಸೂಕ್ಷ್ಮದರ್ಶಕಕ್ಕಾದರೋ ಬೆಳಕಿನ ಅಲೆಯ ಉದ್ದವೇ ಮಿತಿ ಹಾಕಿರುವುದರಿಂದ ಅದು 0.2 ಮೈಕ್ರಾನಿಗಿಂತ ಕಿರಿದನ್ನು ಬಿಡಿಸಿ ತೋರಿಸಲಾರದು. ಹಾಗಾಗಿ 2004ರಲ್ಲಿ ಅಮೆರಿಕದ ಅಯೊವಾ ರಾಜ್ಯ ವಿಶ್ವವಿದ್ಯಾನಿಲಯದ ಜಾನ್ ವರ್‌ಹೋವನ್ ಚಾಕು ಮಸೆಯುವ ಪ್ರಯೋಗಗಳ ವರದಿ ಬರೆದಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೇ ನೆಚ್ಚಬೇಕಾಯಿತು. ಮನೆಯ ಸಾಧನದಲ್ಲಿ ನಯದ ಅಲಗು ಕಾಣಿಸುವುದು ಅದರ ದೋಷದಲ್ಲಿ ಮಾತ್ರ: ಹಿಂದಿನ ಒರಟು ಕಲ್ಲು ಬಿಟ್ಟುಹೋದ ಒಂದೇ ಒಂದು ಆಳವಾದ ಗೀರು ಕನ್ನಡಿಯಂಥ ಮೈಯನ್ನು ದಾಟಿ ಅಲಗಿನವರೆಗೂ ಬಂದು ಅಲ್ಲೊಂದು ಕಚ್ಚು ಮಾಡಿರುತ್ತದೆ.

ಕೊಯ್ಯುವಾಗ ಎರಡರ ನಡತೆ ಬೇರೆಯಾಗುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಎಲ್ಲೆಂದರಲ್ಲಿ ಸಿಗುವ ನಾರಿನ ಹಗ್ಗವನ್ನು ಹಲಗೆಯ ಮೇಲಿಟ್ಟು ಕೊಯ್ದರೆ ಒರಟು ಅರ್ಧದ ಹಲ್ಲುಗಳು ಎಳೆಗಳನ್ನು ಒಂದೊಂದಾಗಿ ಹಿಡಿದು ಕಡಿಯುತ್ತವೆ, ನಯದ ಅರ್ಧ ಅದೇ ಹಗ್ಗದ ಮೇಲೆ ಜಾರುತ್ತದೆ. ಹಣ್ಣಾದ ಟೊಮೆಟೊದ ಸಿಪ್ಪೆಗೂ ಬದನೆಯ ಸಿಪ್ಪೆಗೂ ಇದೇ ಮಾತು ಸಲ್ಲುತ್ತದೆ. ಕಾಗದದ ಅಂಚನ್ನು ಎಳೆಯದೆ ನೇರವಾಗಿ ಒತ್ತಿ ಕತ್ತರಿಸಿದಾಗಲಾದರೋ ನಯದ ಅರ್ಧ ಸದ್ದಿಲ್ಲದೆ ಇಳಿಯುತ್ತದೆ, ಒರಟು ಅರ್ಧ ಹರಿಯುತ್ತದೆ. ಎಳೆದು ಕೊಯ್ಯುವುದು, ಒತ್ತಿ ಕೊಯ್ಯುವುದು ಎಂಬ ಈ ಭೇದ ಸಣ್ಣದಲ್ಲ. ಹಾರ್ವರ್ಡಿನ ಎಲ್. ಮಹಾದೇವನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಮೆತ್ತನೆಯ ಅಗರ್ ಗಟ್ಟಿಯ ಮೇಲೆ ತಂತಿಯನ್ನು ಬರಿದೇ ಒತ್ತುವುದಕ್ಕಿಂತ ಅಡ್ಡಕ್ಕೆ ಎಳೆಯುತ್ತ ಒತ್ತಿದರೆ ಬಹಳ ಕಡಿಮೆ ಬಲ ಸಾಲುತ್ತದೆಂದು ತೋರಿಸಿತು. ತಂತಿಗೆ ಹಲ್ಲೇ ಇಲ್ಲ, ಎಳೆತವೊಂದೇ ಅಷ್ಟು ಲಾಭ ತರುವುದಾದರೆ ಹಲ್ಲಿರುವ ಅಲಗಿಗೆ ಎಳೆತ ಎಷ್ಟು ಒದಗುತ್ತದೆಂಬುದನ್ನು ಊಹಿಸಬಹುದು. ಕುಡುಗೋಲಿನ ಹಲ್ಲುಗಳು ಹಿಡಿಯ ಕಡೆಗೆ ಬಾಗಿರುವುದೂ, ಪೈರಿನ ಬುಡವನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ತನ್ನತ್ತ ಎಳೆಯುವುದೂ ಈ ಲೆಕ್ಕದ್ದೇ. ಹೇಮಾವತಿಯ ನಾಲೆಯ ಕೆಳಗೆ ಬೆಳೆಯುವ ಕಬ್ಬಿನ ಗರಿಯ ಅಂಚನ್ನೂ ಇದೇ ಮಸೂರದ ಕೆಳಗಿಟ್ಟರೆ ಅಲ್ಲಿಯೂ ಸಾಲು ಹಲ್ಲು ಕಾಣುತ್ತದೆ. ಗರಿ ಒತ್ತಿದರೆ ಏನೂ ಆಗದ ಬೆರಳು ಅದು ಜಾರಿದೊಡನೆ ಕೊಯ್ದುಕೊಳ್ಳುವುದೇಕೆಂದು ಬೇರೆ ಹೇಳಬೇಕಾಗಿಲ್ಲ.

ನಯಕ್ಕೂ ಅದರ ಜಾಗಗಳಿವೆ. ಬಡಗಿಯ ಕೀಸುಳಿಯೂ ಉಳಿಯೂ ಮರದೊಳಕ್ಕೆ ನೇರವಾಗಿ ನುಗ್ಗುವುದರಿಂದ ಅವುಗಳ ಅಲಗಿನ ಪ್ರತಿಯೊಂದು ಕಚ್ಚೂ ಹಲಗೆಯ ಮೇಲೆ ಒಂದು ಗೆರೆಯಾಗಿ ಉಳಿಯುತ್ತದೆ. ಕ್ಷೌರದ ಕತ್ತಿಗೆ ಕಲ್ಲು ಸಾಲದೆ ಚರ್ಮದ ಪಟ್ಟಿ ಬೇಕಾಗುವುದು ಕೂದಲಿಗಿಂತ ಹೆಚ್ಚಾಗಿ ಚರ್ಮದ ಮೇಲಿನ ಕರುಣೆಯಿಂದ. (ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮುನಿಗಳು ಕೇಶಲೋಚನ ಮಾಡಿ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವುದರಿಂದ ಅವರಿಗೆ ಈ ಚರ್ಚೆಯ ಎರಡು ಪಕ್ಷಗಳೂ ಬೇಕಿಲ್ಲ.) ತಾಲ್ಲೂಕಿನ ಇನ್ನೊಂದು ಊರಾದ ನುಗ್ಗೇಹಳ್ಳಿಯಲ್ಲಿ ನಯದ ಕಥೆ ಎರಡು ಪದರಗಳಲ್ಲಿ ಸಿಗುತ್ತದೆ. ನೆಲದ ಮೇಲೆ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಉಳಿಯಾಡಿಸಿ ಮೂರ್ತಿಗಳ ಕೆಳಗೆ ಹೆಸರನ್ನೂ ಕೆತ್ತಿ ಹೋಗಿದ್ದಾರೆ, ಆ ಮೆದು ಕಲ್ಲು ಉಳಿಯ ಬಾಯಿ ಹೇಗಿತ್ತೋ ಹಾಗೆಯೇ ಗುರುತು ಹಿಡಿಯುವಂಥದು. ನೆಲದ ಕೆಳಗೆ, ಅದೇ ಊರಿನ ಹೆಸರು ಹೊತ್ತ ಪ್ರಾಚೀನ ಶಿಲಾಪಟ್ಟಿಯಲ್ಲಿ, ಕ್ರೋಮೈಟ್ ಎಂಬ ಅದಿರಿದೆ. ಬೈರಾಪುರದ ಗಣಿಯಲ್ಲಿ ಅದನ್ನು ತೆಗೆದದ್ದುಂಟು. ಚರ್ಮದ ಪಟ್ಟಿಗೆ ಬಳಿಯುವ ಹಸಿರು ಲೇಪ ಕ್ರೋಮಿಯಂ ಆಕ್ಸೈಡ್, ತುಕ್ಕು ಹಿಡಿಯದ ಚಾಕುವಿನ ಉಕ್ಕಿಗೆ ನೂರಕ್ಕೆ ಕನಿಷ್ಠ 10.5 ಪಾಲು ಬೆರೆಯಬೇಕಾದದ್ದೂ ಕ್ರೋಮಿಯಮ್ಮೇ, ಎರಡಕ್ಕೂ ಮೂಲ ಅದಿರು ಕ್ರೋಮೈಟ್. ಚಾಕುವನ್ನೂ ಅದರ ಹೊಳಪನ್ನೂ ಒಂದೇ ಕಲ್ಲಿನಿಂದ ಪಡೆಯಬಹುದಾದ ನೆಲದಲ್ಲಿ ಕುಳಿತು ಅಲಗನ್ನು ದಿಟ್ಟಿಸುವುದರಲ್ಲಿ ಒಂದು ಬಗೆಯ ತೃಪ್ತಿಯಿದೆ.

ಆದರೆ ಎರಡು ಬಗೆಯ ಅಲಗೂ ಉಳಿಯುವಂಥದಲ್ಲ. ರಾಗಿ, ಭತ್ತ, ಕಬ್ಬುಗಳಂಥ ಹುಲ್ಲಿನ ಜಾತಿಯ ಬೆಳೆಗಳು ಮಣ್ಣಿನಿಂದ ಸಿಲಿಕಾವನ್ನು, ಎಂದರೆ ಮರಳಿನ ಮೂಲದ್ರವ್ಯವನ್ನು, ಹೀರಿ ಕಾಂಡದಲ್ಲಿ ಇಟ್ಟುಕೊಳ್ಳುವುದರಿಂದ ಕೊಯ್ಲೆಂಬುದು ಅಲಗಿನ ಪಾಲಿಗೆ ತೆಳುವಾದ ಸಾಣೆಯೇ. ಶಿಲಾಯುಗದ ಕಲ್ಲಿನ ಕುಡುಗೋಲುಗಳ ಅಂಚಿನಲ್ಲಿ ಕೊಯ್ಲಿನಿಂದ ಉಂಟಾದ ಹೊಳಪನ್ನು ಪುರಾತತ್ತ್ವಜ್ಞರು ಇಂದಿಗೂ ಗುರುತಿಸುತ್ತಾರೆ. ಇನ್ನು ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿನದು, ಆದರೂ ಬ್ಲೇಡು ಮೊಂಡಾಗುತ್ತದೆ. 2020ರಲ್ಲಿ ಮಸಾಚುಸೆಟ್ಸಿನ ಎಂ.ಐ.ಟಿ.ಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಕ್ಷೌರ ನಡೆಸಿ, ಕೂದಲು ಬಾಗಿ ಓರೆಯಾಗಿ ತಾಗಿದಾಗ ಉಕ್ಕಿನ ರಚನೆ ಸಮವಾಗಿಲ್ಲದ ಕಡೆ ಅಲಗು ಚಕ್ಕೆಯೇಳುತ್ತದೆಂದು ಕಂಡರು. ಒರಟು ಅಲಗು ಸವೆಯುವ ರೀತಿ ಇದಕ್ಕಿಂತ ಉದಾರವಾದದ್ದು: ಹಲ್ಲಿನ ತುದಿಗಳು ದುಂಡಾದರೂ ಎರಡು ಹಲ್ಲುಗಳ ನಡುವಿನ ತಗ್ಗಿನಲ್ಲಿರುವ ಅಂಚು ಏನನ್ನೂ ತಾಗದೆ ಇನ್ನಷ್ಟು ದಿನ ಹರಿತವಾಗಿ ಉಳಿಯುತ್ತದೆ, ಮೊಂಡಾಯಿತೆಂದುಕೊಂಡ ಚಾಕು ಒತ್ತಿದರೆ ಕೊಯ್ಯದೆ ಎಳೆದರೆ ಕೊಯ್ಯುವುದು ಇದರಿಂದಲೇ. ನಯದ ಅಲಗಿಗೆ ಇಂಥ ಹಿಂದಿನ ಸಾಲು ಇಲ್ಲ. ಹೋದರೆ ಒಟ್ಟಿಗೇ ಹೋಗುತ್ತದೆ.

ಈಳಿಗೆ ಮಣೆಯ ವಿಚಾರವನ್ನು ಇಲ್ಲಿ ಹೇಳದಿದ್ದರೆ ಹಾಸನ ಸೀಮೆಯ ಅಡುಗೆಮನೆಗೆ ಅನ್ಯಾಯವಾಗುತ್ತದೆ. ಚಾಕು ತರಕಾರಿಯ ಮೇಲೆ ಇಳಿಯುತ್ತದೆ, ಈಳಿಗೆಯಲ್ಲಿ ತರಕಾರಿಯೇ ಅಲಗಿನ ಕಡೆಗೆ ಹೋಗುತ್ತದೆ. ಮೇಲಕ್ಕೆ ಬಾಗಿ ನಿಂತ ಆ ಅಲಗಿನ ಮೇಲೆ ಸೋರೆಕಾಯಿಯನ್ನು ಮುಂದಕ್ಕೆ ನೂಕಿದಾಗ ಬಾಗುವಿಕೆಯಿಂದಾಗಿ ನೂಕುವಿಕೆಯೇ ಅರ್ಧ ಎಳೆತವಾಗುತ್ತದೆ. ಎಳೆದು ಕೊಯ್ಯುವುದನ್ನು ಕೈಗೆ ಕಲಿಸುವ ಬದಲು ಅಲಗಿನ ಆಕಾರದಲ್ಲಿಯೇ ಇಟ್ಟಿರುವುದರಿಂದ ಈಳಿಗೆಗೆ ಕಲ್ಲುಚಪ್ಪಡಿಯ ಅಂಚಿನಲ್ಲಿ ನಾಲ್ಕು ಸಲ ಉಜ್ಜಿದ ಒರಟೇ ಸಾಕು. ಅದನ್ನೂ ಚಾಕುವನ್ನೂ ಬೀದಿಯ ಸಾಣೆ ಚಕ್ರಕ್ಕೆ ಕೊಟ್ಟಾಗ ನೋಡಬೇಕಾದದ್ದು ಕಿಡಿಯ ಚೆಲುವನ್ನಲ್ಲ, ಅಲಗಿನ ಬಣ್ಣವನ್ನು. ಅಂಚು ನೀಲಿಗೆ ತಿರುಗಿದರೆ ಅಲ್ಲಿನ ಉಕ್ಕು 300 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಕಾಯ್ದು ಕುಲುಮೆಯಲ್ಲಿ ಪಡೆದ ಹದವನ್ನು ಕಳೆದುಕೊಂಡಿದೆ ಎಂದರ್ಥ, ಅಂಥ ಅಲಗಿಗೆ ಕಕ್ಕೂ ನಿಲ್ಲದು, ನಯವೂ ನಿಲ್ಲದು.

ಅಡುಗೆಮನೆಯ ಮಟ್ಟಿಗೆ ತೀರ್ಪು ಸುಲಭ: 1000 ನಂಬರಿನ ಕಲ್ಲಿನಲ್ಲಿ ಮಸೆತ ನಿಲ್ಲಿಸಿ, ಮಡಿಚಿದ ಎಳೆ ಕಳಚುವಷ್ಟು ಮಾತ್ರ ಚರ್ಮಕ್ಕೆ ತಿಕ್ಕಿದ ಅಲಗು ಕನ್ನಡಿಯಂತೆ ಹೊಳೆಯುವ ಅಲಗಿಗಿಂತ ಟೊಮೆಟೊಗೂ ಮೇಲು, ಬದನೆಗೂ ಮೇಲು. ಸೂಕ್ಷ್ಮದರ್ಶಕ ಕೈಗೆ ಬರುವವರೆಗೆ ಓದುಗರು ಮಾಡಬಹುದಾದ ಪರೀಕ್ಷೆಯೊಂದಿದೆ. ಇಂದು ರಾತ್ರಿ ಮನೆಯ ಚಾಕುವನ್ನು ದೀಪದ ಕೆಳಗೆ ಅಲಗು ಮೇಲಾಗುವಂತೆ ಹಿಡಿದು, ಅಲಗಿನ ನೇರಕ್ಕೆ ಕಣ್ಣಿಟ್ಟು ನಿಧಾನವಾಗಿ ವಾಲಿಸಿ ನೋಡಿ: ಹರಿತವಾದ ಅಲಗಿಗೆ ಬೆಳಕನ್ನು ಹಿಂದಕ್ಕೆ ಕಳಿಸುವಷ್ಟು ಅಗಲವಿರುವುದಿಲ್ಲ, ಬಿಳಿಯ ಗೆರೆ ಮಿನುಗಿದ ಕಡೆಯೆಲ್ಲ ಅದು ಮೊಂಡಾಗಿದೆ.