ಅರ್ಧಕ್ಕೆ ಬಿಟ್ಟು ಬರಲಾಗದ ಸಾಲು

2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿಯಾದಾಗ ನಾನು ರಜೆಯಲ್ಲಿ ಊರಲ್ಲಿದ್ದೆ. ಹಳೇಬೀಡಿನ ಹತ್ತಿರ, ಪುಷ್ಪಗಿರಿಯ ತಪ್ಪಲಲ್ಲಿ ನಮ್ಮ ಹೊಲ. ಆ ವರ್ಷ ಮಳೆ ಕೈಕೊಟ್ಟು ರಾಗಿ ಕಣಕ್ಕೆ ಬರುವಷ್ಟೂ ಆಗಿರಲಿಲ್ಲ. ತೆಂಗಿಗೆ ನುಸಿ ಹತ್ತಿ ಕಾಯಿಯ ಸಿಪ್ಪೆಯೆಲ್ಲ ಬಿರುಕು ಬಿಟ್ಟು, ಮೇಣ ಸೋರಿ, ಅರ್ಧಕ್ಕರ್ಧ ಬಲಿಯುವ ಮೊದಲೇ ಉದುರುತ್ತಿದ್ದವು. ಅರಸೀಕೆರೆ ಸೀಮೆಯಿಂದ ನಮ್ಮ ಕಡೆಯವರೆಗೂ ಆಗ ತೆಂಗು ನಂಬಿದವರ ಮನೆಯಲ್ಲಿ ಇದೇ ಮಾತು. ಅಪ್ಪ ಸಾಲ ಮಾಡಿ ಬೋರ್‌ವೆಲ್ ಕೊರೆಸಿದ್ದರು. ಬರೀ ಧೂಳು ಬಂತು. ರಜೆ ಮುಗಿಯುವ ಮೊದಲೇ ಯೂನಿಟ್‌ನಿಂದ ತಂತಿ ಬಂತು, ಕೂಡಲೇ ಹೊರಟು ಬಾ ಅಂತ. ಅರಸೀಕೆರೆ ಸ್ಟೇಷನ್ನಿನವರೆಗೂ ಅಪ್ಪ ಬಂದರು. ಯುದ್ಧ ಆಗುತ್ತಾ ಎಂದು ಕೇಳಲಿಲ್ಲ. ‘ಬಿತ್ತನೆ ಹೊತ್ಗೆ ಬಾರಪ್ಪ’ ಅಂದರು, ಅಷ್ಟೇ.

ನಾನು ಸೇನೆಯ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವನು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಸೆಂಟರಿನಲ್ಲಿ ತಯಾರಾದ ನಮ್ಮನ್ನು ಸೈನ್ಯದಲ್ಲೆಲ್ಲ ‘ತಂಬಿ’ ಎಂದೇ ಕರೆಯುತ್ತಾರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ಹೂಳುವುದು, ಹೂಳಿದ್ದನ್ನು ತೆಗೆಯುವುದು ನಮ್ಮ ಕೆಲಸ. ತರಬೇತಿ ಮುಗಿದ ದಿನ ಕಸಂ ಪರೇಡ್‌ನಲ್ಲಿ, ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣ ಹೋದರೂ ಆಜ್ಞೆ ಪಾಲಿಸುತ್ತೇನೆ ಎಂದು ಪ್ರಮಾಣ ಮಾಡುವಾಗ ನನಗೆ ನೆನಪಾಗಿದ್ದು ನಮ್ಮೂರಿನ ಗರುಡಗಂಬ.

ಹೊಯ್ಸಳೇಶ್ವರ ದೇವಸ್ಥಾನದ ದಕ್ಷಿಣಕ್ಕೆ ನಿಂತಿರುವ ಆ ಕಂಬವನ್ನು ಪ್ರವಾಸಿಗರು ನೋಡುವುದು ಕಡಿಮೆ. ನಾವು ಹುಡುಗರಾಗಿದ್ದಾಗ ನೋಡಲು ಹೋಗುತ್ತಿದ್ದುದೇ ಅದನ್ನು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಗರುಡ, ದಂಡನಾಯಕ ಕುವರ ಲಕ್ಷ್ಮನ ಕಂಬ ಅದು. ಒಡೆಯನೊಂದಿಗೇ ಬದುಕುತ್ತೇವೆ, ಒಡೆಯನೊಂದಿಗೇ ಸಾಯುತ್ತೇವೆ ಎಂದು ಹರಕೆ ಹೊತ್ತವರು ಗರುಡರು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವನ ಜೊತೆಯ ವೀರರು ಪ್ರಾಣ ಕೊಟ್ಟರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಗಂಡಸರನ್ನು ಕಂಬದ ಮೇಲೆ ಕಡೆದಿದ್ದಾರೆ. ಅವರನ್ನು ನೋಡಿ ಮೈ ಜುಮ್ಮೆನ್ನುತ್ತಿತ್ತು. ಆ ವೀರರ ಹಿಂದೆ ಒಂದು ಹೊಲ, ಒಬ್ಬ ಮುದುಕ ಅಪ್ಪ, ತೀರದ ಸಾಲ ಇತ್ತೋ ಇಲ್ಲವೋ ಎಂದು ನಾನು ಯೋಚಿಸಲು ಶುರು ಮಾಡಿದ್ದು ಗಡಿಗೆ ಹೋದ ಮೇಲೆ.

ನಮ್ಮನ್ನು ಹಾಕಿದ್ದು ರಾಜಸ್ಥಾನದ ಶ್ರೀಗಂಗಾನಗರ ಜಿಲ್ಲೆಯ ಗಡಿಗೆ. ಸಂಸತ್ ದಾಳಿಯ ನಂತರದ ಆ ಜಮಾವಣೆಗೆ ಆಪರೇಷನ್ ಪರಾಕ್ರಮ್ ಎಂದು ಹೆಸರು. ಜಮ್ಮುವಿನಿಂದ ಗುಜರಾತಿನವರೆಗೆ ಸೇನೆ ಗಡಿಗೆ ಬಂದು ನಿಂತಿತ್ತು. ಮರಳುಗಾಡು ಎಂದುಕೊಂಡು ಹೋದೆ. ಆದರೆ ಕಾಲುವೆ ನೀರಿನ ಸೀಮೆ ಅದು. ಕಣ್ಣು ಹಾಯುವವರೆಗೂ ಗೋಧಿ, ನಡುವೆ ಹಳದಿ ಹೂ ಬಿಟ್ಟ ಸಾಸಿವೆ. ಆ ಪೈರಿನ ನಡುವೆಯೇ ನಾವು ನೆಲಬಾಂಬು ಹೂಳಬೇಕಿತ್ತು. ನಮ್ಮ ಹೊಲದಲ್ಲಿ ಬೆಳೆ ಇಲ್ಲದೆ ಅಪ್ಪ ಕೂತಿದ್ದರು. ನಾನಿಲ್ಲಿ ಕಾಳು ಕಟ್ಟುವ ಪೈರು ತುಳಿಯುತ್ತಿದ್ದೆ. ರೈತನ ಮಗನಿಗೆ ಅದು ಹೇಗಾಗುತ್ತದೆ ಎಂಬುದು ಹೊಲ ಉತ್ತವರಿಗೆ ತಿಳಿಯುತ್ತದೆ. ಆ ಊರುಗಳ ಜನ ಹಾಸಿಗೆ, ಪಾತ್ರೆ, ಎಮ್ಮೆ ಎಲ್ಲ ಟ್ರ್ಯಾಕ್ಟರ್ ಟ್ರೇಲರ್‌ಗೆ ಹೇರಿಕೊಂಡು ಹೊರಟುಹೋಗುವುದನ್ನು ನೋಡಿದೆ. ನಮ್ಮನ್ನು ಯಾರೂ ಬೈಯಲಿಲ್ಲ. ಕೆಲವರು ಲಸ್ಸಿ ಕೊಟ್ಟು ಹೋದರು.

ಆಳನ್ನು ಗುರಿಯಾಗಿಟ್ಟ ಚಿಕ್ಕ ಮೈನು ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಪಾದ ತೆಗೆಯುತ್ತದೆ. ಸಾಲಿನ ಲೆಕ್ಕ ಆ ಸಾಲಿನ ಹೊಣೆ ಹೊತ್ತ ಜವಾನನ ಪುಸ್ತಕದಲ್ಲಿರಬೇಕು: ಯಾವ ಗುರುತಿನಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು, ಎಷ್ಟು ಮೈನು. ಹೂಳಿದ ಮೇಲೆ ಪ್ರತಿ ಮೈನಿನ ಸೇಫ್ಟಿ ಕ್ಲಿಪ್ ತೆಗೆದು ಚೀಲಕ್ಕೆ ಹಾಕಿಕೊಂಡು, ಕೊನೆಗೆ ಎಣಿಸುತ್ತೇವೆ. ಕ್ಲಿಪ್ಪು, ಮೈನು ತಾಳೆಯಾಗಬೇಕು. ಜನವರಿಯ ಆ ಮಂಜಿನಲ್ಲಿ ಚಾಚಿದ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಗ್ಲೌಸ್ ಹಾಕಿದರೆ ಕ್ಲಿಪ್ ಸಿಗದು, ತೆಗೆದರೆ ಬೆರಳು ಮರಗಟ್ಟುತ್ತದೆ.

ಅಂಥ ಒಂದು ರಾತ್ರಿ ಅಪ್ಪ ಹೋದರೆಂಬ ತಂತಿ ಬಂತು. ಎದೆನೋವು ಅಂತೆ. ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಎಲ್ಲರ ರಜೆ ರದ್ದಾಗಿದ್ದ ಕಾಲ. ಆದರೂ ಕಂಪನಿ ಕಮಾಂಡರ್ ಸಾಹೇಬರು ಕರೆದು, ‘ಗಾಡಿ ಕೊಡುತ್ತೇನೆ, ಈಗಲೇ ಹೊರಡು’ ಅಂದರು.

ನನ್ನ ಸಾಲು ಅರ್ಧ ಆಗಿತ್ತು. ಕೆಲವಕ್ಕೆ ಕ್ಲಿಪ್ ತೆಗೆದಿತ್ತು, ಕೆಲವಕ್ಕೆ ಇಲ್ಲ. ಪುಸ್ತಕ ನನ್ನ ಕೈಬರಹದಲ್ಲಿತ್ತು. ಹೆಜ್ಜೆ ಅಳೆದವನೂ ನಾನೇ. ಒಬ್ಬೊಬ್ಬರ ಹೆಜ್ಜೆ ಒಂದೊಂದು ಉದ್ದ. ಇನ್ನೊಬ್ಬನಿಗೆ ಪುಸ್ತಕ ಕೊಟ್ಟು ಹೊರಟರೆ ಆ ಮಂಜಿನಲ್ಲಿ ಅವನು ನನ್ನ ಹೆಜ್ಜೆಯನ್ನು ಊಹಿಸಿ ನಡೆಯಬೇಕು. ಅವನಿಗೂ ಮನೆಯಲ್ಲಿ ಅಪ್ಪ ಇದ್ದರು. ‘ಸಾಬ್, ಸಾಲು ಮುಗಿಸಿ ಹೋಗುತ್ತೇನೆ’ ಅಂದೆ. ಸಾಹೇಬರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ತಲೆಯಾಡಿಸಿದರು. ಅಪ್ಪನ ಮುಖ ನೋಡುವುದು ಹೇಗೂ ಆಗುತ್ತಿರಲಿಲ್ಲ, ಗಂಗಾನಗರದಿಂದ ಅರಸೀಕೆರೆ ಅಷ್ಟು ದೂರ. ಆದರೂ ಆ ರಾತ್ರಿ ಒಂದೊಂದು ಕ್ಲಿಪ್ ತೆಗೆಯುವಾಗಲೂ ಈ ಹೊತ್ತಿಗೆ ಅಪ್ಪನನ್ನು ಅಂಗಳಕ್ಕೆ ತಂದಿರುತ್ತಾರೆ, ಈ ಹೊತ್ತಿಗೆ ಎತ್ತಿರುತ್ತಾರೆ ಎಂದು ಮನಸ್ಸು ಊರಿಗೆ ಓಡುತ್ತಿತ್ತು. ಕೈ ನಡುಗಿದರೆ ಮುಗಿಯಿತು. ಅಳು ಒತ್ತಿಕೊಂಡು ಬಂದಾಗ ಕೈ ಹಿಂದಕ್ಕೆ ತೆಗೆದು, ನೆಲದ ಮೇಲೆ ಕೂತು, ಅದು ನಿಂತ ಮೇಲೆ ಮತ್ತೆ ಶುರು ಮಾಡುತ್ತಿದ್ದೆ. ಅದಕ್ಕಿಂತ ದೊಡ್ಡ ಕಷ್ಟವನ್ನು ನಾನು ಸರ್ವೀಸಿನಲ್ಲಿ ಪಟ್ಟಿಲ್ಲ.

ಊರು ಮುಟ್ಟಿದಾಗ ತಿಥಿಯ ತಯಾರಿ ನಡೆದಿತ್ತು. ದೊಡ್ಡಪ್ಪನ ಮಗ ಮುಂದೆ ನಿಂತು ಮಣ್ಣು ಮಾಡಿದ್ದ. ಪಕ್ಕದ ಹೊಲದವರು ದನಕ್ಕೆ ಮೇವು ಹಾಕಿಕೊಂಡಿದ್ದರು. ನೆಂಟರಲ್ಲೊಬ್ಬರು, ಸರ್ಕಾರದ ಕೆಲ್ಸ ದೊಡ್ದಾಯ್ತೇನೋ ಮಗ್ನಿಗೆ ಅಂದರು. ನನಗೆ ಬಾಯಿ ಬರಲಿಲ್ಲ. ಅಡುಗೆಮನೆ ಬಾಗಿಲಲ್ಲಿದ್ದ ಅವ್ವನೇ ಉತ್ತರ ಕೊಟ್ಟಳು: ‘ಅರ್ಧ ಬಿತ್ತಿದ ಸಾಲು ಬಿಟ್ಟು ಯಾವ ರೈತ್ನ ಮಗ ಎದ್ದು ಬತ್ತಾನೆ? ಅವ್ರಪ್ಪ ಇದ್ದಿದ್ರೂ ಮುಗ್ಸೇ ಬಾ ಅಂತಿದ್ರು.’ ನಾವು ಅಲ್ಲಿ ಬಿತ್ತುತ್ತಿದ್ದುದು ಏನೆಂದು ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಗಂದಳು.

ಯುದ್ಧ ಆಗಲಿಲ್ಲ. 2002ರ ಅಕ್ಟೋಬರಿನಲ್ಲಿ ಸೇನೆ ಹಿಂದಕ್ಕೆ ಸರಿಯಲು ತೀರ್ಮಾನವಾಯಿತು. ಹೂಳಿದ್ದನ್ನು ಈಗ ತೆಗೆಯಬೇಕು. ಹೂಳುವುದಕ್ಕಿಂತ ಅದು ಘೋರ. ಮಳೆಗೆ, ಮರಳು ಸರಿದಾಟಕ್ಕೆ ಕೆಲವು ಮೈನುಗಳು ಜಾಗ ಬಿಟ್ಟಿದ್ದವು. ಹೊಟ್ಟೆ ಮೇಲೆ ಮಲಗಿ, ಪ್ರಾಡರ್ ಎಂಬ ಕಡ್ಡಿಯನ್ನು ಓರೆಯಾಗಿ ನೆಲಕ್ಕೆ ಚುಚ್ಚುತ್ತಾ ಬೆರಳುಬೆರಳಷ್ಟೇ ಮುಂದಕ್ಕೆ ತೆವಳುತ್ತಿದ್ದೆವು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತದೆ. ಪಕ್ಕದ ಸಾಲಿನಲ್ಲಿದ್ದ ತಮಿಳುನಾಡಿನ ಹುಡುಗನೊಬ್ಬ ತೆರವಾದ ಜಾಗ ಎಂದುಕೊಂಡಿದ್ದಲ್ಲಿ ಕಾಲಿಟ್ಟ. ಸದ್ದು ದೊಡ್ಡದೇನಲ್ಲ. ನಾವು ಎತ್ತಿಕೊಂಡು ಓಡಿದಾಗ ಅವನ ಬೂಟಿನ ಮೇಲ್ಭಾಗ ಮಾತ್ರ ಇತ್ತು. ಬದುಕಿದ. ಈಗ ಕೃತಕ ಕಾಲಿನಲ್ಲಿ ನಡೆಯುತ್ತಾನೆ, ಪೊಂಗಲ್‌ಗೆ ಫೋನ್ ಮಾಡುತ್ತಾನೆ. ಯುದ್ಧವಿಲ್ಲದ ಆ ವರ್ಷದಲ್ಲಿ ಸತ್ತವರು, ಅಂಗ ಕಳೆದುಕೊಂಡವರು ನೂರಾರು.

ತಂತಿಬೇಲಿಯ ಹೊರಗೆ ಒಬ್ಬ ಮುದುಕ ಸರ್ದಾರ್ ದಿನಾ ಬಂದು ಕೂರುತ್ತಿದ್ದ. ‘ಮೇರಾ ಖೇತ್ ಕಬ್ ಮಿಲೇಗಾ, ಪುತ್ತರ್?’ ಅನ್ನುತ್ತಿದ್ದ, ನನ್ನ ಹೊಲ ಯಾವಾಗ ಸಿಗುತ್ತೆ ಮಗನೇ ಅಂತ. ಅವನ ಹೊಲ ತೆರವಾಗಿದೆ ಎಂದು ಕಾಗದ ಕೊಟ್ಟ ದಿನ ನಾವೇ ಸಾಲಾಗಿ, ತೋಳಿಗೆ ತೋಳು ತಾಗಿಸಿಕೊಂಡು ಅದರ ತುಂಬ ನಡೆದು ತೋರಿಸಿದೆವು. ಅವನು ಟ್ರ್ಯಾಕ್ಟರ್ ತಂದ. ನನಗೆ ದೇಶಸೇವೆ ಮಾಡಿದೆ ಎನ್ನಿಸಿದ್ದು ಹೂಳಿದ ದಿನವಲ್ಲ, ಆ ದಿನ.

ಊರು, ದಂಡು ಎರಡರ ನಡುವೆ ಸಿಕ್ಕವನು ನಾನೊಬ್ಬನೇ ಅಲ್ಲ. ನಮ್ಮೂರಿನ ಚರಿತ್ರೆ ಓದುವಾಗ ಹೊಯ್ಸಳರ ಮೂರನೇ ಬಲ್ಲಾಳನನ್ನು ಸೋತ ರಾಜ ಅನ್ನುತ್ತಾರೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲ್ಲಿಕಾಫರ್ ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ ಮೇಲೆ ಬಂದಾಗ ಬಲ್ಲಾಳ ಊರಲ್ಲಿರಲಿಲ್ಲ. ಪಾಂಡ್ಯರ ಅಣ್ಣತಮ್ಮಂದಿರ ಜಗಳದ ನಡುವೆ ದಕ್ಷಿಣಕ್ಕೆ ದಂಡು ತೆಗೆದುಕೊಂಡು ಹೋಗಿದ್ದ. ಸುದ್ದಿ ತಿಳಿದು ಓಡೋಡಿ ಬಂದು, ಸಂಧಿ ಮಾಡಿಕೊಂಡು, ಭಂಡಾರ, ಆನೆ, ಕುದುರೆ ಕೊಟ್ಟ. ಮಗನನ್ನು ದೆಹಲಿಗೆ ಕಳಿಸಿದ. ಆಮೇಲೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡುತ್ತಲೇ ಇದ್ದು, ಇಳಿವಯಸ್ಸಿನಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ನನ್ನ ಮಟ್ಟಿಗೆ ಕುವರ ಲಕ್ಷ್ಮನಿಗಿಂತ ಈ ಬಲ್ಲಾಳ ದೊಡ್ಡವನು. ಲಕ್ಷ್ಮ ಒಂದೇ ಹರಕೆ ಹೊತ್ತ, ತೀರಿಸಿದ. ಬಲ್ಲಾಳನಿಗೆ ಊರೂ ಬೇಕಿತ್ತು, ದೂರದ ದಂಡೂ ಇತ್ತು. ಎರಡನ್ನೂ ಹೊತ್ತುಕೊಂಡು ಬದುಕಿದ.

ಹಾಸನ ಜಿಲ್ಲೆಯ ಹಳ್ಳಿಗಳಿಂದ ಹುಡುಗರು ಇವತ್ತಿಗೂ ಹೋಗುತ್ತಿದ್ದಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಹೋದ ಹತ್ತು ಮಂದಿಯಲ್ಲಿ ನಮ್ಮ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಯೋಧನ ಪಾರ್ಥಿವ ಶರೀರ ಬಂದಾಗ ಹೂವು ಹಿಡಿದು ಸಾವಿರಾರು ಜನ ಸೇರುತ್ತೇವೆ, ಸೇರಲೇಬೇಕು. ಅದಕ್ಕೂ ಮೊದಲು, ಅವನು ಗಡಿಯಲ್ಲಿ ಬದುಕಿರುವಾಗ, ನಿಮ್ಮೂರಿನ ಆ ಮನೆಗೆ ಒಮ್ಮೆ ಹೋಗಿ ಬನ್ನಿ. ಅವನ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಪೌತಿ ಖಾತೆಗಾಗಿ ಅವನ ತಾಯಿ ಕಚೇರಿ ಅಲೆಯುತ್ತಿದ್ದರೆ ಜೊತೆಗೆ ಹೋಗಿ ನಿಲ್ಲಿ. ಮಳೆ ಬಿದ್ದ ವಾರ ಅವರ ಹೊಲಕ್ಕೂ ಒಂದು ಸಾಲು ಬಿತ್ತಿಕೊಡಿ. ನನ್ನ ದೊಡ್ಡಪ್ಪನ ಮಗ, ನೆರೆಯವರು ಮಾಡಿದ್ದು ಇಷ್ಟನ್ನೇ. ಅದರಿಂದಲೇ ನನಗೆ ಅಲ್ಲಿ ಕೈ ನಡುಗದಂತೆ ಕೆಲಸ ಮಾಡಲು ಸಾಧ್ಯವಾಯಿತು.